ರಾಕ್ಷಸನಿಗೂ ಒಂದು ಊರು

ಯೋಜನೆ ಹಾಕಿದಂತೆ ನಡೆಯುವ ಭಾಗ್ಯ ನನ್ನ ಹಣೆಯಲ್ಲಿ ಬರೆದಿಲ್ಲ. ವಿಜಯನಗರದ ಕಾಲೇಜೊಂದರಲ್ಲಿ ಗಣಿತ ಕಲಿಸುವ ನಾನು, ಭಾನುವಾರ ಮಧ್ಯಾಹ್ನ ಊಟದ ಮೇಜಿನ ಮೇಲೆ ಕಾಡು, ಕೋಟೆಗಳನ್ನು ಸೃಷ್ಟಿಸುತ್ತೇನೆ. ಅದು ಕಥೆ ಕಟ್ಟುವ ಆಟ. ಎದುರಿಗೆ ಏನಿದೆ ಎಂದು ನಾನು ಹೇಳಬೇಕು, ಏನು ಮಾಡುತ್ತೇವೆಂದು ಆಡುವವರು ಹೇಳಬೇಕು, ಗೆಲುವು ಸೋಲು ದಾಳದ ಕೈಯಲ್ಲಿ. ಆಡುವವರು ನನ್ನ ಸಹೋದ್ಯೋಗಿ ಸುಧಾ, ಅವಳ ತಮ್ಮ ಗಿರೀಶ, ಮತ್ತು ಪಕ್ಕದ ಮನೆಯ ನಿವೃತ್ತ ಅಧಿಕಾರಿ, ಹಾವೇರಿ ಕಡೆಯ ಶಿವಪ್ಪನವರು. ಹಣೆ ತುಂಬ ವಿಭೂತಿ ಧರಿಸಿ ಬರುತ್ತಿದ್ದ ಅವರದು ಆಟದಲ್ಲಿ ಕಳ್ಳನ ಪಾತ್ರ.

ಮೊದಲ ಆಟಕ್ಕೆ ವಾರವಿಡೀ ಕೂತು ಘನಘೋರ ಯುದ್ಧವೊಂದನ್ನು ಸಿದ್ಧಪಡಿಸಿದ್ದೆ. ಕೋಟೆ ಬಾಗಿಲಲ್ಲಿ ರಾಕ್ಷಸ ಗದೆ ಎತ್ತಿದ, ಗಿರೀಶ ಕತ್ತಿ ಹಿರಿದ. ಶಿವಪ್ಪನವರು "ತಡೀಪಾ" ಎಂದು ಅವನನ್ನು ತಡೆದು, ರಾಕ್ಷಸನನ್ನೇ ವಿಚಾರಿಸಿದರು: "ಯಾವೂರಪಾ ನಿಂದು? ಊಟ ಆತೇನು?"

ನಾನು ತಬ್ಬಿಬ್ಬು. ಗದೆಯ ಅಳತೆ ಗೊತ್ತಿತ್ತು, ಊರು ಗೊತ್ತಿರಲಿಲ್ಲ. ಬಾಯಿಗೆ ಬಂದಂತೆ ಬ್ಯಾಡಗಿ ಎಂದೆ. "ಅಲ್ಲೇ ನಮ್ಮ ಬೀಗರದಾರಲ್ಲೋ!" ಎಂದರು. ಸ್ವಲ್ಪ ಹೊತ್ತಿಗೆ ರಾಕ್ಷಸನೇ ಬಾಗಿಲು ತೆರೆದು ಒಳಗೆ ಕರೆದ. ಯುದ್ಧ ನೀರುಪಾಲಾಯಿತು, ನಾವು ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಅಂದಿನಿಂದ ಮುಂದೇನಾಗಬೇಕು ಎಂದು ಯೋಜಿಸುವುದನ್ನೇ ಬಿಟ್ಟೆ. ಬದಲಿಗೆ ಪ್ರತಿ ರಾಕ್ಷಸನಿಗೂ ಒಂದು ಊರು, ಮದುವೆಯಾಗದ ತಂಗಿ, ಸೋದರಮಾವನ ಜೊತೆ ಮನಸ್ತಾಪ, ಎಲ್ಲವನ್ನೂ ಕೊಟ್ಟೆ. ಇವರು ಯಾವ ದಾರಿ ಹಿಡಿದರೂ ಕಥೆ ಸಿಗುತ್ತಿತ್ತು. ಹೆಣ್ಣು ಕೊಡುವವರೂ ಇಷ್ಟು ವಿಚಾರಿಸಿರಲಾರರು.

ಅಷ್ಟರಲ್ಲಿ ಶಿವಪ್ಪನವರು ನಗರದಂಚಿನ ಹೇರೋಹಳ್ಳಿಯಲ್ಲಿ ಮನೆ ಕಟ್ಟಿಸಿ ಹೊರಟುಹೋದರು. ಫೋನ್ ಮಾಡಿದಾಗಲೆಲ್ಲ, "ಬರ್ತೀನವಾ ತಂಗಿ, ಈ ರಸ್ತಾ ಒಂದು ಸರಿ ಆಗ್ಲಿ" ಎನ್ನುತ್ತಾರೆ. ಅಲ್ಲಿಯ ರಸ್ತೆ ನೋಡಿದವರಿಗೆ ನನ್ನ ಸಂಕಟ ಅರ್ಥವಾದೀತು. ಈಗ ಅಕ್ಕ ತಮ್ಮ ಇಬ್ಬರೇ ಬರುತ್ತಾರೆ, ರಾಕ್ಷಸನನ್ನು ಕಂಡಕೂಡಲೇ ಕಡಿಯುತ್ತಾರೆ. ಅವನ ತಂಗಿಯ ಗತಿ ಏನೆಂದು ಕೇಳುವವರಿಲ್ಲ. ನನಗೆ ಶಿವಪ್ಪನವರಿಲ್ಲದೆ ತುಂಬಾ ಬೇಜಾರು. ಅವರು ಇನ್ನು ಬರುವುದೇ ಇಲ್ಲವೇನೋ ಎಂಬ ಭಯವೂ ಇದೆ.

ಮೊನ್ನೆ ಗಿರೀಶ ಕತ್ತಿ ಎತ್ತಿದಾಗ ರಾಕ್ಷಸನ ಬಾಯಲ್ಲಿ ತಾನಾಗಿ ಮಾತು ಬಂತು: "ನಿಮ್ಮ ಜೊತೆ ಒಬ್ರು ಹಿರಿಯರು ಇರ್ತಿದ್ರಲ್ಲ, ಬರ್ಲಿಲ್ವಾ?"

ಗಿರೀಶ ದಾಳ ಕೆಳಗಿಟ್ಟ. "ಅಕ್ಕಾ, ಇದನ್ನ ಕೇಳ್ತಿರೋದು ರಾಕ್ಷಸನಾ, ನೀವಾ?"

"ರಾಕ್ಷಸನೇ ಕಣೋ" ಎಂದೆ.

ಸುಧಾ ನನ್ನನ್ನೇ ನೋಡಿದಳು. "ಅವ್ರಿಗೆ ಬರಕ್ಕಾಗಲ್ಲ ಅಂದ್ರೆ ನಾವೇ ಹೋಗ್ಬಹುದಲ್ಲೇ. ದಾಳ ಏನು ಮಣಭಾರನಾ?"

ಆಟದಲ್ಲಿ ಯಾರು ಎತ್ತ ಹೊರಟರೂ ಕಥೆಯನ್ನೇ ಅವರಿದ್ದಲ್ಲಿಗೆ ಒಯ್ಯುವ ಜಾಣೆ ನಾನು. ಇಷ್ಟು ದಿನ ಕುರ್ಚಿ ಬಿಟ್ಟು ಏಳುವುದೊಂದು ಹೊಳೆದಿರಲಿಲ್ಲ.