ಅಜ್ಜಿಯ ಮುಖವೇ ಬೀಗದ ಕೈ

ಅಜ್ಜಿ ಟ್ಯಾಬೆಂಬುದನ್ನು ಹತ್ತಿರದಿಂದ ಮೊದಲು ಕಂಡದ್ದು ಒಂದು ಭಾನುವಾರ, ಅಂಗಡಿಯ ಗಾಜಿನ ಮೇಜಿನ ಮೇಲೆ. ಆಯುಷ್ಯವೆಲ್ಲ ಕತ್ತರಿ, ಸೂಜಿ, ಕಾದ ಇಸ್ತ್ರಿಪೆಟ್ಟಿಗೆಗಳ ನಡುವೆ ಕಳೆದು ಒಂದಕ್ಕೂ ಹೆದರದ ದರ್ಜಿ ಹೆಂಗಸು, ಸ್ಲೇಟಿನಷ್ಟಗಲದ ಆ ಕರಿ ಹಲಗೆಗೆ ಹೆದರಿದಳು.

ಹೆದರಿಕೆಗೆ ಕಾರಣವಿತ್ತು. ಮೊಮ್ಮಗಳು (ಬೇಕಾದ್ದು ಸಿಗುವ ತನಕ ಒಂದೇ ರಾಗ ಎಳೆಯುವುದರಿಂದ ಮನೆಯಲ್ಲಿ ಅವಳ ಹೆಸರು ಪಿಟೀಲು) ಶಾಲೆಯಿಂದ ಬಂದವಳೇ ಹೊಲಿಗೆ ಮಷೀನಿನ ಪಕ್ಕ ಕೂತು ಕಥೆ ಕೇಳುತ್ತಿದ್ದಳು. ಪಕ್ಕದ ಮನೆಯ ಹುಡುಗನಿಗೆ ಟ್ಯಾಬು ಬಂದ ಮೇಲೆ ಅವನಜ್ಜಿ ಗೋಡೆಯ ಜೊತೆ ಮಾತಾಡುವುದನ್ನು ಈ ಅಜ್ಜಿ ಕಣ್ಣಾರೆ ಕಂಡಿದ್ದಳು. (ಗೋಡೆ ಎದುರುತ್ತರ ಕೊಡುವುದಿಲ್ಲ, ಅಷ್ಟೇ ಸಮಾಧಾನ ಎಂದಿದ್ದಳು ಆ ಮುದುಕಿ.)

ಅಂಗಡಿಯಲ್ಲಿ ಮಗ ದೊಡ್ಡ ಪರದೆಯದೇ ಬೇಕೆಂದ. ಮಗಳ ಪಾಠಕ್ಕೋ ತನ್ನ ಮ್ಯಾಚಿಗೋ ಹೇಳಲಿಲ್ಲ. ಸೊಸೆ ಬಿದ್ದರೂ ಒಡೆಯದ್ದೇ ಬೇಕೆಂದಳು. ದಂಪತಿಗಳ ವಾಗ್ಯುದ್ಧ ನೋಡಿ ನೋಡಿ ಸೇಲ್ಸ್‌ಮನ್ ಸ್ಟೂಲೆಳೆದು ಕೂತ. ಆಗ ಅಜ್ಜಿ, ಬಟ್ಟೆ ನೋಡುವ ಹಾಗೆ ಒಂದೊಂದನ್ನೂ ಹೆಬ್ಬೆರಳಲ್ಲಿ ಉಜ್ಜಿ, ಅಂಚು ಸವರಿ ಕೇಳಿದಳು:

"ಇದರಲ್ಲಿ ಸುಲಭಕ್ಕೆ ತೆರೆಯದೇ ಇರೋದು ಯಾವುದಪ್ಪಾ?"

ಇಂಥ ಗಿರಾಕಿ ಅವನಿಗೆ ಹೊಸದು. ಒಳಗಿಂದ ಒಂದನ್ನು ತಂದ. ಅದು ಮನೆಯ ಹಿರಿಯರೊಬ್ಬರ ಮುಖ ಕಂಡರೆ ಮಾತ್ರ ತೆರೆಯುತ್ತದಂತೆ. ಆಗಾಗ ತಾನೇ ಮುಚ್ಚಿಕೊಂಡು ಮತ್ತೆ ಮುಖ ಕೇಳುತ್ತದಂತೆ, ಅದೂ ಬಾಯಿಬಿಟ್ಟು. ಅಜ್ಜಿ ಇದೇ ಇರಲಿ ಎಂದಳು. ಸಂಜೆ ತನಕ ಮನೆಯಲ್ಲಿರುವ ಹಿರಿಯ ಮುಖ ತನ್ನದೊಂದೇ. ತಾನು ಒಲ್ಲೆನೆಂದರೆ ಮುಗಿಯಿತು, ಟ್ಯಾಬು ಬರೀ ಮಣೆ.

ಮುಖ ತೋರಿಸುವ ಶುಭಕಾರ್ಯ ಮನೆಯಲ್ಲಿ ನೆರವೇರಿತು. ಅಜ್ಜಿ ಆಗ ಪಿಟೀಲಿನ ಸ್ಕರ್ಟಿನ ಅಂಚು ಮಡಿಚುತ್ತಿದ್ದಳು. ಕೆಲಸಕ್ಕೆ ಕೂತರೆ ಗುಂಡುಸೂಜಿಗಳನ್ನು ಸಾಲಾಗಿ ತುಟಿಯಲ್ಲಿ ಕಚ್ಚಿಕೊಳ್ಳುವುದು ರೂಢಿ. ಅವು ಅಲ್ಲಿರುವುದೇ ಅವಳಿಗೆ ನೆನಪಿರುವುದಿಲ್ಲ. ಮಗ ಒಂದು ಕಣ್ಣು ಮ್ಯಾಚಿನ ಮೇಲಿಟ್ಟು, ಅಮ್ಮನಿಗೆ ಮುಖ ಆ ಕಡೆ ಈ ಕಡೆ ತಿರುಗಿಸೆಂದ. ತಿರುಗಿಸಿದಳು. ಟ್ಯಾಬು ಆ ಮುಖ ಕಲಿತು ಟಿಣ್ ಎಂದಿತು.

ಮರುದಿನ ಒಲ್ಲೆನೆಂಬ ಭೀಷಣ ಪ್ರತಿಜ್ಞೆ ಪಿಟೀಲಿನ ಎರಡನೇ ರಾಗಕ್ಕೇ ಕರಗಿತು. ಅಜ್ಜಿ ಮುಖವೊಡ್ಡಿದಳು. ಟ್ಯಾಬು ತೆರೆಯಲಿಲ್ಲ. ಕನ್ನಡಕ ತೆಗೆದು ತೋರಿಸಿದರೂ ತೆರೆಯಲಿಲ್ಲ. ಅಜ್ಜಿಗೆ ಒಳಗೊಳಗೇ ಹಾಲು ಕುಡಿದಷ್ಟು ಖುಷಿ. ಪಿಟೀಲು ಮಾತ್ರ ಸ್ವಲ್ಪ ಹೊತ್ತು ಅಜ್ಜಿಯನ್ನೇ ದಿಟ್ಟಿಸಿ, ಎದ್ದು ಹೋಗಿ ಸೂಜಿಗಳ ಡಬ್ಬಿ ತಂದಳು.

"ಅಜ್ಜಿ, ಬಾಯಲ್ಲಿ ಇಟ್ಕೋ."

ಟಿಣ್.

ಟ್ಯಾಬು ಆಗಾಗ ಮುಖ ಕೇಳುತ್ತಿತ್ತಲ್ಲ, ಅಂದಿನಿಂದ ಅಜ್ಜಿಯ ಬಾಯಿಗೆ ಬೀಗ. ಸೂಜಿ ಕಚ್ಚಿಕೊಂಡು ಕಥೆ ಹೇಳುವ ವಿದ್ಯೆ ಯಾವ ದರ್ಜಿಗೂ ಬಾರದು. ಅಂಚು ಮಡಿಚುವಾಗ ಎಂದೂ ಬಾರದ ಭಯ ಈಗ ಬಂತು. ಸೀನು ಬಂದರೆ? ಬಿಕ್ಕಳಿಕೆ ಬಂದರೆ? ಉಗುಳು ನುಂಗಲೂ ಹೆದರಿಕೊಂಡು ಕಲ್ಲಿನಂತೆ ಕೂತಳು. ಕಥೆ ಹೇಳುವ ಕೆಲಸವನ್ನು ಟ್ಯಾಬೇ ವಹಿಸಿಕೊಂಡಿತು. ತಾಯಿಯಿಂದ ತಪ್ಪಿಸಿಕೊಂಡ ಆನೆಮರಿಯೊಂದರ ಕಥೆ, ದಿನಕ್ಕಿಷ್ಟು. ಬಾಯಿ ಮುಚ್ಚಿದವಳಿಗೆ ಕಿವಿ ಮುಚ್ಚಲಾಗಲಿಲ್ಲ.

ಆನೆಮರಿ ಹೊಳೆಗಿಳಿದು, ಹಿಂದಿನಿಂದ ಮೊಸಳೆ ಬಾಯ್ತೆರೆದ ಹೊತ್ತಿಗೇ ಸರಿಯಾಗಿ ಸೊಸೆ ಬಾಗಿಲಲ್ಲಿ ನಿಂತಿದ್ದಳು. ಅತ್ತೆಯ ತುಟಿ ನೋಡಿ ಅವಳ ಕೈಯ ಚೀಲ ಜಾರಿತು.

"ಅತ್ತೇ, ನುಂಗಿಬಿಟ್ರೆ ನಾನೇನು ಮಾಡಲಿ?"

ಸೂಜಿಗಳು ಬೀರು ಸೇರಿದವು, ಬೀಗದ ಕೈ ಸೊಸೆಯ ಚೀಲ ಸೇರಿತು. ಹೊಸದಾಗಿ ಮುಖ ತೋರಿಸುವ ಕಾರ್ಯವನ್ನು ಮಗ ಮುಂದಿನ ಭಾನುವಾರಕ್ಕೆ ತಳ್ಳಿದ. ಟ್ಯಾಬು ನಿಜಕ್ಕೂ ಮಣೆಯಾಯಿತು.

ಅಜ್ಜಿ ಗೆದ್ದಳು. ಮರುದಿನ ಪಿಟೀಲು ಬಂದು ಮಷೀನಿನ ಪಕ್ಕ ಕೂತು, ಹೇಳಜ್ಜಿ ಎಂದಳು. ಅಜ್ಜಿ ಬಾಯಿ ತೆರೆದರೆ ಒಂದು ಕಥೆಯೂ ನೆನಪಾಗಲಿಲ್ಲ. ಕಣ್ಣೆದುರಿಗೆ ಬರೀ ಹೊಳೆ, ಮೊಸಳೆಯ ಬಾಯಿ, ಆ ಪುಟ್ಟ ಆನೆಯ ಹಿಂಗಾಲು. ಬದುಕಿತೋ ಇಲ್ಲವೋ?

ಕೈಕಾಲು ತೊಳೆದುಕೊಂಡು ಬಾ, ಆಮೇಲೆ ಹೇಳುತ್ತೇನೆ ಎಂದು ಮೊಮ್ಮಗಳನ್ನು ಬಚ್ಚಲಿಗೆ ಕಳಿಸಿದಳು. ನಲ್ಲಿಯ ಸದ್ದು ಕೇಳಿದ ಮೇಲೆ, ಬಾಗಿಲ ಕಡೆ ನೋಡುತ್ತಾ ಟ್ಯಾಬನ್ನು ಮಡಿಲಿಗೆಳೆದುಕೊಂಡಳು. ಸೂಜಿ ಇಲ್ಲದ ತುಟಿಯನ್ನು ಸೂಜಿ ಇದ್ದ ಹಾಗೆಯೇ ಬಿಗಿದು, ಹುಬ್ಬು ಗಂಟಿಕ್ಕಿ, ಉಸಿರು ಹಿಡಿದು ಮುಖವೊಡ್ಡಿದಳು.

ಟ್ಯಾಬು ಅವಳನ್ನು ಬಹಳ ಹೊತ್ತು ನೋಡಿತು. ಆಮೇಲೆ ಮುದ್ದಾಗಿ ಕೇಳಿತು:

"ಪುಟಾಣಿ, ಮನೆಯಲ್ಲಿ ದೊಡ್ಡವರು ಯಾರಾದರೂ ಇದ್ದಾರಾ?"