ಖಾಲಿ ಹೊಟ್ಟೆಯ ಥೈರಾಯ್ಡ್ ಗುಳಿಗೆ

ಡೊಂಬಿವಲಿ ಸ್ಟೇಷನ್ ಪಕ್ಕದ ನಮ್ಮ ಹೋಟೆಲಿನಲ್ಲಿ ನಾನು ರುಚಿ ನೋಡದೆ ಒಂದು ಸೌಟು ಸಾಂಬಾರೂ ಹೊರಗೆ ಹೋಗುತ್ತಿರಲಿಲ್ಲ. ಅದು ನನ್ನ ಹೆಮ್ಮೆ. ಆ ಹೆಮ್ಮೆಗೂ ನನ್ನ ಕತ್ತಿನೊಳಗಿನ ಗ್ರಂಥಿಗೂ ಜಗಳ ಬಿದ್ದೀತೆಂದು ಯಾರಿಗೆ ಗೊತ್ತಿತ್ತು!

ಶುರುವಾದದ್ದು ಚಳಿಯಿಂದ. ಮೇ ತಿಂಗಳಲ್ಲಿ ಊರೆಲ್ಲ ಬೆವರು ಒರೆಸುತ್ತಿದ್ದರೆ ನಾನು ಸ್ವೆಟರ್ ತೊಟ್ಟು ಗಲ್ಲಾದಲ್ಲಿ ತೂಕಡಿಸುತ್ತಿದ್ದೆ. ದನಿ ಗೊಗ್ಗರಾಯಿತು. ದಿನಾ ಬರುವ ಗಿರಾಕಿಗಳ ಹೆಸರೇ ಮರೆಯತೊಡಗಿತು. ಡಾಕ್ಟರಮ್ಮ ರಕ್ತ ಪರೀಕ್ಷೆ ಮಾಡಿಸಿ, ಥೈರಾಯ್ಡ್ ಹಾರ್ಮೋನ್ ಕಡಿಮೆಯಾಗಿದೆ, ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಒಂದು ಗುಳಿಗೆ ನುಂಗಿ, ಆಮೇಲೆ ಒಂದು ಗಂಟೆ ನೀರು ಬಿಟ್ಟು ಏನೂ ಬೇಡ ಎಂದರು.

ಇಷ್ಟೇನಾ! ತಪ್ಪದೆ ನುಂಗಿದೆ. ಮುಂದಿನ ರಿಪೋರ್ಟ್ ಇನ್ನೂ ಕೆಟ್ಟದಾಗಿ ಬಂತು. ಡಾಕ್ಟರಮ್ಮ ಗುಳಿಗೆಯ ಪ್ರಮಾಣ ಹೆಚ್ಚಿಸಿದರು. ನಾನು ಮೆಡಿಕಲ್ ಅಂಗಡಿಯನ್ನೇ ಬದಲಿಸಿದೆ. ಥೈರಾಯ್ಡಿಗೆ ಎಲೆಕೋಸು ಆಗದೆಂದು ಮೊಬೈಲಿನಲ್ಲಿ ಓದಿ ಮನೆಯಲ್ಲೂ ಹೋಟೆಲಿನಲ್ಲೂ ಅದನ್ನು ನಿಷೇಧಿಸಿದೆ. ಕೊನೆಗೊಂದು ದಿನ ಗಿರಾಕಿಯ ಎದುರೇ ಸೋಂಪಿನ ತಟ್ಟೆಯಲ್ಲಿ ಮುಖವಿಟ್ಟು ನಿದ್ದೆ ಹೋದೆ. ಎದ್ದಾಗ ಕೆನ್ನೆ ತುಂಬ ಸೋಂಪು!

ಅಂದು ನಿಜವಾಗಿ ಅಳು ಬಂತು. ಕನ್ನಡಿಯಲ್ಲಿದ್ದವನು ನಾನಲ್ಲ ಎನಿಸಿತು.

"ಸುಮತಿ, ನನ್ನ ಕಥೆ ಮುಗೀತು. ಮಹಾಪೆಯಲ್ಲಿ ಕ್ಯಾಂಟೀನ್ ನೋಡ್ಕೊಳ್ಳುವ ನಿನ್ನ ತಮ್ಮನನ್ನು ಕರಿ. ಗಲ್ಲಾ ಅವನಿಗೆ ಬಿಟ್ಟುಕೊಡ್ತೇನೆ" ಎಂದೆ.

ಹೆಂಡತಿ ತಮ್ಮನನ್ನು ಕರೆಯಲಿಲ್ಲ. ಮರುದಿನ ಬೆಳಗ್ಗೆ ನನ್ನ ಹಿಂದೆಯೇ ಹೋಟೆಲಿಗೆ ಬಂದಳು. ನಾನು ಭಕ್ತಿಯಿಂದ ಗುಳಿಗೆ ನುಂಗಿ ಕೆಲಸಕ್ಕಿಳಿದೆ. ಡಿಕಾಕ್ಷನ್ ಒಂದು ಗುಟುಕು, ಹಾಲು ಬೆರೆಸಿ ಇನ್ನೊಂದು. ಚಟ್ನಿ ಬೆರಳಿಗಷ್ಟು, ಸಾಂಬಾರು ಅಂಗೈಗಷ್ಟು, ಶೀರಾ ಚಮಚಕ್ಕಷ್ಟು.

"ಎಂತ ಮಾರಾಯ್ರೆ ಇದು! ಖಾಲಿ ಹೊಟ್ಟೆ ಹೇಳಿದ್ದಲ್ವಾ ಡಾಕ್ಟ್ರು?"

"ಖಾಲಿಯೇ ಉಂಟಲ್ಲ! ನಾನೆಲ್ಲಿ ತಿಂದೆ? ರುಚಿ ನೋಡಿದ್ದು."

"ಹೊಟ್ಟೆಗೆ ಅದು ಗೊತ್ತುಂಟಾ?"

ಅವಳು ನನ್ನ ಕೈಯಿಂದ ಸೌಟು ಕಿತ್ತುಕೊಂಡಳು. ಸಂಗತಿ ಕೇಳಿದ ಡಾಕ್ಟರಮ್ಮ ಕನ್ನಡಕ ತೆಗೆದಿಟ್ಟು ನಕ್ಕರು.

ಕೆಲವು ತಿಂಗಳಲ್ಲಿ ಸ್ವೆಟರ್ ಕಪಾಟು ಸೇರಿತು. ದನಿ ಬಂತು, ಹೆಸರುಗಳು ಬಂದವು, ಗಿರಾಕಿಗಳನ್ನು ರೇಗಿಸುವ ಹುಮ್ಮಸ್ಸೂ ಬಂತು. ಆ ಪುಟ್ಟ ಗುಳಿಗೆಗೆ ದಿನಾ ಕೈಮುಗಿಯುತ್ತೇನೆ. ಸುಮತಿಗೆ ಅದಕ್ಕಿಂತ ಹೆಚ್ಚು ಋಣಿ. ನನ್ನನ್ನು ನನಗೆ ಹುಡುಕಿಕೊಟ್ಟವಳು ಅವಳು.

ಈಗ ಬೆಳಗ್ಗೆ ರುಚಿ ನೋಡುವ ಹೊಣೆ ಅವಳದೇ. ಮೊನ್ನೆ ಹಳೆಯ ಗಿರಾಕಿಯೊಬ್ಬರು ಎರಡೆರಡು ಸಲ ಸಾಂಬಾರು ಹಾಕಿಸಿಕೊಂಡು, ಗಲ್ಲಾದ ಬಳಿ ಬಂದು ಮೆಲ್ಲಗೆ ಹೇಳಿದರು: "ಕ್ಯಾ ಅಣ್ಣಾ, ಕುಕ್ ಬದಲ್ ದಿಯಾ ಕ್ಯಾ? ಬಹುತ್ ಅಚ್ಛಾ ಕಿಯಾ!"

ಅಡುಗೆಯವನನ್ನು ಬದಲಿಸಿದ್ದು ಒಳ್ಳೆಯದಾಯಿತಂತೆ! ಅಡುಗೆಯವನು ಹಳಬನೇ. ಬದಲಾದದ್ದು ರುಚಿ ನೋಡುವ ನಾಲಿಗೆ ಮಾತ್ರ!