ಕಾಶಿಗೆ ಹೊರಟವರ ಫ್ರಿಜ್ಜು

ದೇವರ ಕೆಲಸಕ್ಕೆ ಹೊರಟ ಮನೆಯಲ್ಲಿ ನಗುವಂಥದ್ದು ಏನಾದರೂ ನಡೆಯದೆ ಇರುವುದಿಲ್ಲ. ಅದನ್ನು ನಡೆಸುವವನೂ ಅವನೇ ಎಂದು ನನ್ನ ನಂಬಿಕೆ. ಗಂಟುಮೂಟೆ ಕಟ್ಟುವ ಗಡಿಬಿಡಿಯಲ್ಲಿ ನಾವು ಮುಖವನ್ನೂ ಗಂಟು ಹಾಕಿಕೊಂಡಿರುತ್ತೇವಲ್ಲ, ಅದು ಸ್ವಲ್ಪ ಸಡಿಲವಾಗಲಿ ಅಂತ.

ಅರವತ್ತರ ದಶಕದ ಮಾತು. ತುಮಕೂರಿನ ನಮ್ಮ ಬೀದಿಗೆಲ್ಲ ಇದ್ದದ್ದು ಒಂದೇ ಫ್ರಿಜ್ಜು, ಅದು ನಮ್ಮ ಮನೆಯದು. ನಮ್ಮವರು ವಕೀಲರು. ಬೆಂಗಳೂರಿನಲ್ಲಿ ಯಾರೋ ಅಧಿಕಾರಿ ವರ್ಗವಾಗಿ ಹೋಗುವಾಗ ಮಾರಿದ್ದನ್ನು ಲಾರಿಯಲ್ಲಿ ಹಾಕಿಸಿಕೊಂಡು ಬಂದಿದ್ದರು.

ಆ ಬೇಸಿಗೆಯಲ್ಲಿ ಅತ್ತೆಯವರನ್ನು ಕಾಶಿಗೆ ಕರೆದುಕೊಂಡು ಹೋಗುವುದೆಂದು ನಿಶ್ಚಯವಾಯಿತು. ಮದುವೆಯಾಗಿ ಬಂದಾಗಿನಿಂದ ಅವರು ಕಾಯುತ್ತಿದ್ದ ಯಾತ್ರೆ. ಹಿಂದೆ ಒಮ್ಮೆ ಹೊರಟವರು ಬೆಕ್ಕು ಅಡ್ಡ ಬಂತೆಂದು ನಿಂತರು. ಇನ್ನೊಮ್ಮೆ ಹೊಸಿಲಲ್ಲಿ ಎಡವಿದೆನೆಂದು ಕಟ್ಟಿದ್ದ ಹಾಸಿಗೆ ಬಿಚ್ಚಿಬಿಟ್ಟರು. ಈ ಸಲ ಮೊದಲೇ ಹೇಳಿದ್ದರು: “ನೋಡ್ರಪ್ಪಾ, ಇನ್ನೊಂದು ಅಪಶಕುನ ಆದ್ರೆ ಕಾಶಿ ಮಾತೇ ಬೇಡ. ನನಗೆ ಯೋಗ ಇಲ್ಲ ಅಂದ್ಕೋತೀನಿ.”

ಹಾಗಾಗಿ ಮನೆಯಲ್ಲಿ ಎಲ್ಲರಿಗೂ ಒಂದೇ ಜಪ: ಅತ್ತೆ ಹೊಸಿಲು ದಾಟಬೇಕು. ಸ್ವಾಮಿ ದಾಟಿಸುತ್ತಾನೆಂದು ನನಗೆ ಧೈರ್ಯವಿತ್ತು. ಆದರೆ ಮನೆಗೆ ಎರಡು ತಿಂಗಳು ಬೀಗ ಹಾಕುವುದೆಂದರೆ ಫ್ರಿಜ್ಜನ್ನೂ ನಿಲ್ಲಿಸಬೇಕು. ಆ ಪೆಟ್ಟಿಗೆ ಸುಲಭವಾಗಿ ನಿಲ್ಲುತ್ತದೆಂದು ನಾವು ಅಂದುಕೊಂಡಿದ್ದೆವು.

ಬಾಡಿಗೆ ಕೊಡದ ಬೆಣ್ಣೆ

ಮೊದಲು ಅದನ್ನು ಖಾಲಿ ಮಾಡಬೇಕಿತ್ತು. ತೆಗೆದು ನೋಡಿದರೆ ಅದರಲ್ಲಿ ನಮ್ಮದು ಅಂತ ಇದ್ದದ್ದು ಒಂದು ಪಾತ್ರೆ ಹಾಲು, ನಾಲ್ಕು ನಿಂಬೆಹಣ್ಣು. ಉಳಿದದ್ದೆಲ್ಲ ಬೀದಿಯವರದು. ಮೂಲೆಮನೆಯವರ ದೋಸೆ ಹಿಟ್ಟು, ಈಶ್ವರನ ಗುಡಿಯ ಅರ್ಚಕರ ಮಲ್ಲಿಗೆ ಹಾರ, ಎದುರುಮನೆ ಕಾಂಪೌಂಡರ್ ಹೆಂಡತಿಯ ಒಂದು ದೊಡ್ಡ ಬೋಗುಣಿ ಬೆಣ್ಣೆ.

ಹಾರ ಗುಡಿಗೆ ಹೋಯಿತು, ಹಿಟ್ಟು ಹೆಂಚಿಗೆ ಹೋಯಿತು. ಬೆಣ್ಣೆ ಮಾತ್ರ ಅಲ್ಲಾಡಲಿಲ್ಲ.

“ಮಗಳ ಸೀಮಂತಕ್ಕೆ ಅಂತ ಕೂಡಿಟ್ಟಿದೀನಿ ರೀ. ಈಗಲೇ ಕಾಯಿಸಿದ್ರೆ ಅಷ್ಟು ಹೊತ್ತಿಗೆ ತುಪ್ಪ ಹಳೇದಾಗುತ್ತೆ” ಎಂದರು ಆಕೆ.

“ನಾವು ಎರಡು ತಿಂಗಳು ಇರಲ್ವಲ್ಲ ರೀ.”

“ನೀವು ಹೋಗಿಬನ್ನಿ, ಯಾರು ಬೇಡ ಅಂದ್ರು? ಫ್ರಿಜ್ಜನ್ನ ನಮ್ಮನೇಲಿ ಬಿಟ್ಟು ಹೋಗಿ. ದೂರದೂರಿಗೆ ಹೋಗೋವಾಗ ಮಕ್ಕಳನ್ನ ಅಜ್ಜಿ ಮನೇಲಿ ಬಿಡಲ್ವಾ? ಹಂಗೆ. ನಾನು ಚೆನ್ನಾಗಿ ನೋಡ್ಕೋತೀನಿ.”

ನಮ್ಮವರು ಕರಿ ಕೋಟು ತೊಟ್ಟೇ ಹೋಗಿ ವಾದಿಸಿದರು. ಅರ್ಧ ಗಂಟೆಯ ನಂತರ ಅಲ್ಲಿ ಕಾಫಿ ಕುಡಿದು ಬರಿಗೈಯಲ್ಲಿ ವಾಪಸ್ ಬಂದರು. ಕೊನೆಗೆ ನಾನು ಹೋಗಿ, “ಒಂದು ಸೌಟು ತುಪ್ಪ ಕಾಯಿಸಿಕೊಡಿ, ವಿಶ್ವನಾಥನ ಮುಂದೆ ನಿಮ್ಮ ಮಗಳ ಹೆಸರಲ್ಲಿ ದೀಪ ಹಚ್ಚಿ ಬರ್ತೀನಿ” ಎಂದೆ. ಆಕೆಯ ಕಣ್ಣು ತುಂಬಿತು. ಸಂಜೆಗೆ ಬೆಣ್ಣೆಯೆಲ್ಲ ಒಲೆ ಮೇಲೆ.

ನಮ್ಮವರು ಕೋಟು ಬಿಚ್ಚುತ್ತಾ ಹೇಳಿದರು: “ಎಂತೆಂಥಾ ಬಾಡಿಗೆದಾರರನ್ನ ಬಿಡಿಸಿದೀನಿ ಕಣೇ. ಆದ್ರೆ ನಿನ್ನ ಕಡೆ ಇರೋ ಜಡ್ಜು ನನಗೆ ಯಾವತ್ತೂ ಸಿಗಲಿಲ್ಲ.”

ತೆರೆದ ಬಾಗಿಲು

ಮರುದಿನ ಪೇಟೆಯ ಅಂಗಡಿಯಿಂದ ಮೆಕ್ಯಾನಿಕ್ ಬಂದ. ಒಳಗೆಲ್ಲ ಸೋಡಾಪುಡಿ ನೀರಿನಲ್ಲಿ ಒರೆಸಿ ಒಣಗಿಸಬೇಕು, ಹೊರಡುವ ದಿನ ತಾನೇ ಬಂದು ಮಂಜು ಕರಗಿಸಿ ಪ್ಲಗ್ ಕೀಳುತ್ತೇನೆ ಎಂದ. ಆಮೇಲೆ, “ಪ್ಲಗ್ ಕಿತ್ತ ಮ್ಯಾಲೆ ಬಾಗ್ಲು ಮಾತ್ರ ಮುಚ್ಬೇಡಿ ಅಮ್ಮಾ, ತೆಗೆದೇ ಬುಡಿ” ಎಂದ.

ದೇವರಮನೆಯಲ್ಲಿದ್ದ ಅತ್ತೆಯ ಜಪಸರ ನಿಂತಿತು. “ಯಾತ್ರೆಗೆ ಹೋಗೋರು ಬಾಗಿಲು ತೆರೆದಿಟ್ಟು ಹೋಗ್ತಾರೇನಪ್ಪಾ? ಲಕ್ಷ್ಮಿ ನಿಲ್ತಾಳಾ?”

“ಅಜ್ಜೀ, ಮುಚ್ಚಿದ್ರೆ ಅವಳೇ ಓಡೋಗ್ತಾಳೆ. ಕುಣಿಗಲ್‌ನಾಗೆ ಒಬ್ರು ಸಾಹುಕಾರ್ರು ಹಿಂಗೇ ಮುಚ್ಚಿ ಬೀಗ ಹಾಕಿ ತೀರ್ಥಯಾತ್ರೆಗೆ ಹೋದ್ರು. ಬಂದು ತೆಗೆದ್ರೆ ಒಳಗೆಲ್ಲ ಬೂಷ್ಟು, ಹಸಿರು ಕಂಬ್ಳಿ ಹೊದ್ದಂಗೆ! ಆ ವಾಸ್ನೆಗೆ ಮನೆಯೋರೆಲ್ಲ ಜಗ್ಲಿ ಮೇಲೆ ಮಲಗಿದ್ರು. ಗಂಗೆ ಮುಳುಗಿ ಬಂದಿದ್ ಪುಣ್ಯ ಎಲ್ಲಾ ಫ್ರಿಜ್ ತೊಳೆಯೋಕೇ ಆಗೋಯ್ತು.”

ಪುಣ್ಯ ಖರ್ಚಾಗುತ್ತದೆ ಎಂದ ಮೇಲೆ ಅತ್ತೆ ಯೋಚಿಸಿದರು. ಎದ್ದು ಬಂದು ಫ್ರಿಜ್ಜಿನ ಬಾಗಿಲಿಗೆ ಅರಿಶಿನ ಕುಂಕುಮ ಹಚ್ಚಿ, ಮುಂದೆ ಒಂದು ಎಳೆ ರಂಗೋಲಿ ಬಿಟ್ಟು, ಮಾವಿನೆಲೆ ತೋರಣ ಕಟ್ಟಿಸಿದರು. “ಇನ್ನು ತೆರೆದಿಟ್ಟು ಹೋಗಬಹುದು. ಬಂದರೂ ಅವಳೇ ಬರಬೇಕು” ಎಂದರು.

ಮೆಕ್ಯಾನಿಕ್ ಒಂದು ಹೆಜ್ಜೆ ಹಿಂದೆ ಸರಿದು, ಚಪ್ಪಲಿ ಹೊರಗೆ ಬಿಟ್ಟು ಬಂದು ಮತ್ತೆ ಸ್ಕ್ರೂಡ್ರೈವರ್ ಹಿಡಿದ.

ಬರಿದು ಬಿಡಬಾರದು

ಹೊರಡುವ ತಯಾರಿಗೆ ಸಹಾಯ ಮಾಡಲು ಗುಬ್ಬಿಯಿಂದ ನಾದಿನಿ ಬಂದಳು. ಯಾತ್ರೆಗೆ ಹೋಗುವಾಗ ಅಕ್ಕಿ ಡಬ್ಬ, ಬೇಳೆ ಡಬ್ಬ ಯಾವುದನ್ನೂ ಬರಿದು ಬಿಡುವ ಪದ್ಧತಿ ಆ ಮನೆತನದಲ್ಲಿಲ್ಲ. ಹಿಡಿಯಷ್ಟಾದರೂ ಇರಬೇಕು. ನಾನು ಒರೆಸಿ ಒಣಗಿಸಿಟ್ಟ ಫ್ರಿಜ್ಜು ಅವಳ ಕಣ್ಣಿಗೆ ಬಿತ್ತು.

ಬೆಳಿಗ್ಗೆ ನೋಡಿದರೆ ಒಳಗೆ ಒಂದು ಅಚ್ಚು ಬೆಲ್ಲ. ತೆಗೆದಿಟ್ಟೆ. ಮಧ್ಯಾಹ್ನ ವೀಳ್ಯದೆಲೆ. ತೆಗೆದಿಟ್ಟೆ. ಸಂಜೆ ಒಂದು ತೆಂಗಿನಕಾಯಿ, ಜುಟ್ಟು ಸಮೇತ.

“ಏನೇ ಇದು?”

“ಖಾಲಿ ಪೆಟ್ಟಿಗೆ ಬಿಟ್ಟು ಕಾಶಿಗೆ ಹೋಗ್ತೀರಾ ಅತ್ತಿಗೆ? ಅಮ್ಮ ನೋಡಿದ್ರೆ ಹಾಸಿಗೆ ಬಿಚ್ಚೋದು ಗ್ಯಾರಂಟಿ.”

ಅದು ನಿಜವೇ. ಬೀದಿಯಲ್ಲಿ ಹೋಗುತ್ತಿದ್ದ ಮೆಕ್ಯಾನಿಕ್‌ನನ್ನು ಕೇಳಿದೆ. ವಾಸನೆ ಹಿಡಿಯದ ಹಾಗೆ ಇದ್ದಿಲು ಇಡಿ ಎಂದ. ಇದ್ದಿಲ ಹೆಸರು ಕೇಳುತ್ತಲೇ ನಾದಿನಿ, “ಶುಭಕಾರ್ಯಕ್ಕೆ ಇದ್ದಿಲಾ? ಬಿಡ್ತು ಅನ್ನಿ!” ಎಂದು ಕಿವಿ ಮುಚ್ಚಿಕೊಂಡಳು. ನಾನು ದೇವರನ್ನು ನೆನೆದು ಒಂದು ಬಟ್ಟಲು ಉಪ್ಪು ತಂದಿಟ್ಟೆ. ಉಪ್ಪೆಂದರೆ ಲಕ್ಷ್ಮಿ ಎಂದು ನಾದಿನಿಗೆ ಒಪ್ಪಿಗೆಯಾಯಿತು. ತೇವ ಎಳೆಯುತ್ತದೆ ಎಂದು ಮೆಕ್ಯಾನಿಕ್‌ಗೂ ಒಪ್ಪಿಗೆಯಾಯಿತು. ಅತ್ತೆ ದೂರದಿಂದಲೇ ನೋಡಿ ತಲೆಯಾಡಿಸಿದರು. ಸ್ವಾಮಿಗೆ ಕೈಮುಗಿದು ಮಲಗಿದೆ.

ಬೆಳಿಗ್ಗೆ ಅಡುಗೆಮನೆಯ ತುಂಬ ಘಮ್ಮೆಂದು ವಾಸನೆ. ಓಡಿ ಹೋಗಿ ನೋಡಿದರೆ ಉಪ್ಪಿನ ಬಟ್ಟಲ ಪಕ್ಕದಲ್ಲಿ, ಗುಬ್ಬಿಯಿಂದ ತಂದಿದ್ದ ಇಡೀ ಹಲಸಿನಹಣ್ಣು ಕಾಲು ಮಡಚಿ ಕೂತಿತ್ತು.

ನಾದಿನಿ ಹೇಳಿದಳು: “ಉಪ್ಪು ಒಂದೇ ಆಗೋಯ್ತು ಅತ್ತಿಗೆ. ಎರಡು ತಿಂಗಳು ಒಂಟಿಯಾಗಿ ಹೆಂಗಿರುತ್ತೆ ಪಾಪ?”

ಮನೆಗೆ ಬಂದವನು

ಹೊರಡುವ ದಿನ ಬಂತು. ಗಾಡಿ ಸಂಜೆಗೆ. ಬೆಳಿಗ್ಗೆಯೇ ಬಂದ ಮೆಕ್ಯಾನಿಕ್ ಮೇಲಿನ ಮಂಜಿನ ಗೂಡಿನ ಬಾಗಿಲು ತೆಗೆದ. ವರ್ಷಗಟ್ಟಲೆ ಯಾರೂ ಕೆರೆಯದ ಮಂಜು ಗಟ್ಟಿಯಾಗಿ ಕೂತಿತ್ತು. ಅದನ್ನು ಎಬ್ಬಿಸಲು ಚಾಕು ಎತ್ತಿದ.

ಆಗಷ್ಟೇ ಸ್ನಾನ ಮುಗಿಸಿ ಮಡಿಯಲ್ಲಿ ಬಂದ ಅತ್ತೆ ಒಳಗೆ ಬಗ್ಗಿ ನೋಡಿ, “ಕೈ ತೆಗೆಯೋ!” ಎಂದು ಕೂಗಿದ ಕೂಗಿಗೆ ಚಾಕು ಕೆಳಗೆ ಬಿತ್ತು.

ಗೂಡಿನ ನಡುವೆ ಮಂಜು ದುಂಡಗೆ ಎದ್ದು ನಿಂತಿತ್ತು. ಕೆಳಗೆ ಪೀಠದ ಹಾಗೆ ಅಗಲ, ಒಂದು ಪಕ್ಕಕ್ಕೆ ಚಾಚಿದ ತುದಿ. ಸುಳ್ಳು ಹೇಳುವುದಿಲ್ಲ, ನನ್ನ ಕೈಗಳೂ ತಾವಾಗಿಯೇ ಮುಗಿದವು.

“ಲಿಂಗ ಕಣೇ! ಹಿಮದ ಲಿಂಗ! ಇಷ್ಟು ವರ್ಷ ನಮ್ಮ ಅಡುಗೆಮನೇಲೇ ತಣ್ಣಗೆ ಕೂತಿದಾನೆ, ನಾನು ಇವನ್ನ ಹುಡುಕ್ಕೊಂಡು ಕಾಶಿಗೆ ಹೊರಟಿದೀನಿ” ಎಂದು ಅತ್ತೆ ಅಲ್ಲೇ ಮಣೆ ಹಾಕಿಸಿಕೊಂಡು ಕೂತರು. “ಮನೆಗೆ ಬಂದ ಶಿವನ್ನ ಕರಗಿಸಿ ಕಾಶಿಗೆ ಹೋಗ್ಲಾ? ನಾನು ಬರಲ್ಲ.”

“ಅಮ್ಮಾ, ಟಿಕೆಟ್ ತೆಗೆಸಿಯಾಗಿದೆ!” ಎಂದರು ನಮ್ಮವರು.

“ವಾಪಸ್ ಮಾಡು.”

ಅರ್ಚಕರಿಗೆ ಹೇಳಿಕಳಿಸಿದೆವು. ಅವರು ಕನ್ನಡಕ ಒರೆಸಿಕೊಂಡು ನೋಡಿ, “ರೂಪವೇನೋ ಇದೆ ತಾಯಿ. ಆದರೆ ಇಷ್ಟು ವರ್ಷ ಪೂಜೆಯಿಲ್ಲದೆ ಕೂರಿಸಿದ್ದು ಸರಿಯಲ್ಲ” ಎಂದರು.

“ಹಾಗಾದ್ರೆ ಈಗಲೇ ಅಭಿಷೇಕ ಆಗಲಿ” ಎಂದು ಅತ್ತೆ ಸೆರಗು ಬಿಗಿದರು.

ನಮ್ಮವರು ಹಾರಿ ಹೋಗಿ ಪ್ಲಗ್ ಕಿತ್ತರು. “ಕರೆಂಟ್ ಇರೋ ಪೆಟ್ಟಿಗೆಗೆ ನೀರು ಹಾಕಿದ್ರೆ ಅಮ್ಮ ಕಾಶೀನೂ ದಾಟಿ ನೇರ ಕೈಲಾಸಕ್ಕೇ ಹೋಗ್ತಾರೆ” ಎಂದು ನನ್ನ ಕಿವಿಯಲ್ಲಿ ಪಿಸುಗುಟ್ಟಿದರು.

ನಾನು ಬಾವಿಯಿಂದ ನೀರು ತಂದೆ. ಅತ್ತೆ ಬೆರಳಿಟ್ಟು ನೋಡಿ ಸಿಡುಕಿದರು: “ಬುದ್ಧಿ ಇದೆಯಾ? ಆಗಲೇ ಅಷ್ಟು ಚಳೀಲಿ ಕೂತಿದಾನೆ. ಅವನಿಗೆ ತಣ್ಣೀರಾ? ಹಂಡೆಯಿಂದ ಬಿಸಿನೀರು ತಾ!”

ನಾನು ನಮ್ಮವರ ಮುಖ ನೋಡಿದೆ. ನಮ್ಮವರು ಮೆಕ್ಯಾನಿಕ್‌ನ ಮುಖ ನೋಡಿದರು. ಮೆಕ್ಯಾನಿಕ್ ಸೂರು ನೋಡಿದ. ಬಿಸಿನೀರು ಬಂತು.

ಅರ್ಚಕರು ಮಂತ್ರ ಶುರುಮಾಡಿದರು. ಅತ್ತೆ ಕಣ್ಣು ಮುಚ್ಚಿಕೊಂಡು ಚೊಂಬಿನ ಮೇಲೆ ಚೊಂಬು ಸುರಿದರು. ಮಂತ್ರ ಅರ್ಧಕ್ಕೆ ಬರುವ ಹೊತ್ತಿಗೆ ಸ್ವಾಮಿ ಬಡವಾಗಿದ್ದ. ಮುಗಿಯುವ ಹೊತ್ತಿಗೆ ಗೂಡು ಪೂರ್ತಿ ಖಾಲಿ, ಕೆಳಗಿನ ತಟ್ಟೆಯ ತುಂಬ ನೀರು.

“ನನ್ನ ಕೆಲ್ಸಾನೆಲ್ಲ ಐನೋರೇ ಮುಗಿಸಿಬುಟ್ರು” ಎಂದು ಮೆಕ್ಯಾನಿಕ್ ಗೊಣಗಿದ. ನಾದಿನಿ ಅವನ ಬಾಯಿ ಮುಚ್ಚಿಸಿದಳು.

ಅತ್ತೆ ಕಣ್ಣು ಬಿಟ್ಟರು. ಇದಕ್ಕಿಂತ ದೊಡ್ಡ ಅಪಶಕುನ ಇನ್ನೇನಿದೆ? ‘ಅವರ ಆಸೆ ಉಳಿಸಪ್ಪಾ’ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ.

ಅತ್ತೆ ಖಾಲಿ ಗೂಡನ್ನು ನೋಡಿದರು. ತಟ್ಟೆಯ ನೀರನ್ನು ಕಣ್ಣಿಗೊತ್ತಿಕೊಂಡು ಎಲ್ಲರಿಗೂ ಪ್ರೋಕ್ಷಿಸಿದರು. ಆಮೇಲೆ ನಮ್ಮ ಕಡೆ ತಿರುಗಿ, “ಏನು ನಿಂತ್ಕೊಂಡು ನೋಡ್ತಿದೀರಿ? ಅವನು ಆಗಲೇ ಹೊರಟ. ನಾವಿನ್ನೂ ಹಾಸಿಗೇನೇ ಸುತ್ತಿಲ್ಲ!” ಎಂದು ಗದರಿದರು. ಸಂಜೆ ಜಟಕಾ ಬಂದಾಗ ಎಲ್ಲರಿಗಿಂತ ಮೊದಲು ಹೊಸಿಲು ದಾಟಿ ಅದರಲ್ಲಿ ಕೂತರು.

ಸ್ಟೇಷನ್ನಿನ ಬಾಗಿಲಲ್ಲಿ ಟಿಕೆಟ್ ಕಲೆಕ್ಟರು, “ಎಷ್ಟು ಜನಮ್ಮಾ ಕಾಶಿಗೆ?” ಎಂದು ಕೇಳಿದರು.

“ನಾವು ಮೂರು ಜನ. ಇನ್ನೊಬ್ಬರು ಬೆಳಿಗ್ಗೆಯೇ ಹೋದರು” ಎಂದರು ಅತ್ತೆ.

“ಬೆಳಿಗ್ಗೆನಾ? ಯಾವ ಗಾಡೀಲಿ?”

“ಗಾಡೀಲಲ್ಲಪ್ಪಾ” ಎಂದರು ಅತ್ತೆ, “ನಮ್ಮನೆ ಫ್ರಿಜ್ಜಲ್ಲಿ.”